ನೆಲದಡಿ ಸುರಂಗ, ಗೋಡೆಯ ಮೇಲೆ ಕಾವಲು

ಮುಂಬಯಿ: ಕೊಲಾಬಾ-ಬಾಂದ್ರಾ-ಸೀಪ್ಜ್ ಮೆಟ್ರೋ-3 ಮಾರ್ಗವು 2025ರ ಅಕ್ಟೋಬರ್‌ನಲ್ಲಿ ಕಫ್ ಪರೇಡ್‌ವರೆಗೆ ಪೂರ್ಣವಾಗಿ ತೆರೆದುಕೊಂಡಿತು. 33.5 ಕಿ.ಮೀ. ಉದ್ದದ ಈ ಮಾರ್ಗದ 27 ನಿಲ್ದಾಣಗಳಲ್ಲಿ 26 ನೆಲದಡಿಯಲ್ಲಿವೆ. ಸುರಂಗ ಕೊರೆಯಲು 17 ಯಂತ್ರಗಳು ದುಡಿದವು. ಫೋರ್ಟ್, ಕಾಲ್ಬಾದೇವಿ, ಗಿರ್ಗಾಂವ್ ಪರಿಸರದ ಹೋಟೆಲು, ಕಚೇರಿಗಳಲ್ಲಿ ದುಡಿದು ರಾತ್ರಿ ಶಾಲೆಗಳಲ್ಲಿ ಕಲಿತ ತುಳು-ಕನ್ನಡಿಗರಿಗೆ ಅಲ್ಲಿನ ಶತಮಾನ ಕಂಡ ಕಟ್ಟಡಗಳು ಚಿರಪರಿಚಿತ. ಅವುಗಳನ್ನು ಕಾಯ್ದ ಬಗೆ ಮಾತ್ರ ಹಲವರಿಗೆ ತಿಳಿದಿಲ್ಲ.

ಸುರಂಗ ಕೊರೆದಾಗ ಮೇಲಿನ ನೆಲ ಸ್ವಲ್ಪ ಕುಸಿಯುವುದು ಸಹಜ. ಮುಂಬಯಿಯ ತಳದಲ್ಲಿ ಗಟ್ಟಿ ಕಪ್ಪುಕಲ್ಲಿದ್ದರೂ ಅದರ ಮೇಲೆ ಸಡಿಲ ಮಣ್ಣು, ಸಮುದ್ರ ತುಂಬಿಸಿ ಮಾಡಿದ ನೆಲವೂ ಇದೆ. ಅಂತರ್ಜಲ ಇಳಿದರೂ ಮಣ್ಣು ಕುಗ್ಗುತ್ತದೆ. ಇಡೀ ಕಟ್ಟಡ ಸಮನಾಗಿ ತಗ್ಗಿದರೆ ಅಪಾಯ ಕಡಿಮೆ. ಒಂದು ಬದಿ ಹೆಚ್ಚು ತಗ್ಗಿದರೆ ಗೋಡೆ ಬಿರಿಯುತ್ತದೆ.

ಇದನ್ನು ಹಿಡಿಯಲು ರಸ್ತೆಯಲ್ಲಿ ಮೊಳೆಯಂಥ ಗುರುತುಗಳು, ಗೋಡೆಗಳಲ್ಲಿ ಪುಟ್ಟ ಗಾಜಿನ ಪಟ್ಟಕಗಳು, ಬಿರುಕಿನ ಮೇಲೆ ಅಳತೆಪಟ್ಟಿಗಳನ್ನು ಕೂರಿಸುತ್ತಾರೆ. ವಾಲಿಕೆ, ಕಂಪನ, ನೀರಿನ ಮಟ್ಟಕ್ಕೆ ಬೇರೆ ಉಪಕರಣಗಳು. ಮಿಲಿಮೀಟರ್ ಲೆಕ್ಕದ ಬದಲಾವಣೆಯೂ ದಾಖಲಾಗುತ್ತದೆ. ನಿಗದಿತ ಮಿತಿ ಸಮೀಪಿಸಿದರೆ ಎಚ್ಚರಿಕೆ. ಮಿತಿ ದಾಟಿದರೆ ಕೆಲಸವನ್ನೇ ನಿಲ್ಲಿಸಬೇಕಾಗುತ್ತದೆ.

ಇಲ್ಲಿ ಮುಖ್ಯವಾದದ್ದು ಅಗೆತಕ್ಕೆ ಮೊದಲಿನ ಅಳತೆ. ಆರಂಭದ ಶಿಲ್ಕು ಬರೆಯದ ಖಾತೆಯಲ್ಲಿ ನಷ್ಟ ಎಷ್ಟೆಂದು ಹೇಳಲಾಗದು. ಬಿರುಕು ಹಳೆಯದೋ ಹೊಸದೋ ಎಂಬ ವಾದಕ್ಕೂ ಇದೇ ಉತ್ತರ. 2017ರ ಆಗಸ್ಟ್‌ನಲ್ಲಿ ಫೋರ್ಟ್‌ನ ಜೆ.ಎನ್. ಪೆಟಿಟ್ ಗ್ರಂಥಾಲಯ ಕಟ್ಟಡದ ಕಲ್ಲಿನ ಅಲಂಕಾರದ ತುಂಡೊಂದು ಕಳಚಿ ಬಿತ್ತು. ಮೆಟ್ರೋ ಕಾಮಗಾರಿಯೇ ಕಾರಣವೆಂಬ ದೂರು ಹೈಕೋರ್ಟ್ ಮೆಟ್ಟಿಲೇರಿತು. ನ್ಯಾಯಾಲಯವು ಅಲ್ಲಿನ ಕೆಲಸಕ್ಕೆ ತಾತ್ಕಾಲಿಕ ತಡೆ ನೀಡಿ, ತಜ್ಞರ ಅಭಿಪ್ರಾಯ ಪಡೆಯಿತು. ಮುಂದೆ ಕೆಲಸ ಸಾಗಿ, 2022ರ ನವೆಂಬರ್‌ನಲ್ಲಿ ಇಡೀ ಮಾರ್ಗದ ಸುರಂಗ ಕೊರೆತ ಮುಗಿಯಿತು.

ಮಹಾನಗರದಲ್ಲಿ ಸುರಂಗಗಳು ಇಲ್ಲಿಗೇ ನಿಲ್ಲುವುದಿಲ್ಲ. ಆರೆಂಜ್ ಗೇಟ್‌ನಿಂದ ಮರೀನ್ ಡ್ರೈವ್‌ಗೆ ಸುರಂಗ ರಸ್ತೆಯ ಯೋಜನೆಯಿದೆ. ಇಂಥ ಮಾರ್ಗದ ಬಳಿಯ ಸೊಸೈಟಿಗಳ ಸದಸ್ಯರು, ಪಗಡಿ ಕಟ್ಟಡಗಳ ಬಾಡಿಗೆದಾರರು ಕೆಲಸ ಆರಂಭವಾಗುವ ಮೊದಲೇ ಕಟ್ಟಡದ ಸ್ಥಿತಿಯ ವರದಿಯ ಪ್ರತಿ ಕೇಳಬೇಕು. ಇರುವ ಬಿರುಕುಗಳ ಚಿತ್ರವನ್ನು ದಿನಾಂಕಸಹಿತ ತೆಗೆದಿಡಬೇಕು. ಅಳತೆಗೆ ಬಂದವರನ್ನು ಬಾಗಿಲಿನಿಂದಲೇ ಹಿಂದೆ ಕಳುಹಿಸಿದರೆ ನಾಳೆ ತೋರಿಸಲು ನಮ್ಮ ಬಳಿ ಪುರಾವೆಯೇ ಇರದು.