ನೆರಳಿಗೊಂದು ಹೂಗಿಡ: ಚಂಗಲಕೋಷ್ಠ

ಮಾವಿನ ಮರದಡಿ ಗುಲಾಬಿ ನೆಟ್ಟರೆ ಅದು ಸಣಕಲಾಗಿ ಉದ್ದ ಬೆಳೆಯುತ್ತದೆ. ಹೂ ಬಿಡುವುದು ಅಪರೂಪ. 'ಬೆಳಕು ಸಾಲದು' ಎನ್ನುತ್ತೇವೆ. ಕಾರಣ ಅಷ್ಟೇ ಅಲ್ಲ. ಮರದ ನೆರಳಿನಲ್ಲಿ ಬೆಳಕು ಕಡಿಮೆ ಇರುವುದರ ಜೊತೆಗೆ ಅದರ ಗುಣವೂ ಬೇರೆ.

ಎಲೆಯ ಪತ್ರಹರಿತ್ತು ನೀಲಿ ಮತ್ತು ಕೆಂಪು ಬೆಳಕನ್ನು ಹೀರುತ್ತದೆ. ಸುಮಾರು 730 ನ್ಯಾನೊಮೀಟರ್ ತರಂಗದೂರದ 'ದೂರಗೆಂಪು' ಬೆಳಕನ್ನು ಅದು ಅಷ್ಟಾಗಿ ಹೀರುವುದಿಲ್ಲ. ಬಯಲಿನ ಬಿಸಿಲಿನಲ್ಲಿ ಕೆಂಪು (660 ನ್ಯಾನೊಮೀಟರ್) ಬೆಳಕಿಗೂ ದೂರಗೆಂಪಿಗೂ ಇರುವ ಅನುಪಾತ ಸುಮಾರು 1.2. ದಟ್ಟ ಮರಗಳಡಿ ಇದು 0.2ಕ್ಕೂ ಇಳಿಯಬಹುದು. ಗೋಡೆಯ ನೆರಳಿನಲ್ಲಿ ಹೀಗಾಗುವುದಿಲ್ಲ. ಗೋಡೆ ಎಲ್ಲ ಬಣ್ಣಗಳನ್ನೂ ಒಂದೇ ರೀತಿ ತಡೆಯುತ್ತದೆ. ಸಸ್ಯದಲ್ಲಿರುವ ಫೈಟೊಕ್ರೋಮ್ ಎಂಬ ವರ್ಣಕ ಈ ಅನುಪಾತವನ್ನು ಗ್ರಹಿಸುತ್ತದೆ. ಆಗ ಬಿಸಿಲಿನ ಗಿಡ ನೆರಳಿನಿಂದ ಮೇಲೇಳಲು ಕಾಂಡ ಉದ್ದ ಮಾಡುವುದಕ್ಕೇ ಆಹಾರವನ್ನು ವ್ಯಯಿಸುತ್ತದೆ. ಕಾಡಿನ ನೆಲದಲ್ಲೇ ಬಾಳುವ ಗಿಡಗಳಲ್ಲಿ ಸಾಮಾನ್ಯವಾಗಿ ಈ ಪ್ರವೃತ್ತಿ ಕಡಿಮೆ. ಆದ್ದರಿಂದ ನೆರಳಿನ ಕೈತೋಟಕ್ಕೆ ಅಂಥ ಗಿಡವನ್ನೇ ಆರಿಸುವುದು ಲೇಸು.

ಅಂಥದೊಂದು ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲೇ ಇದೆ. ಅದೇ ಚಂಗಲಕೋಷ್ಠ. ವೈಜ್ಞಾನಿಕ ನಾಮ ಹೆಲ್ಲೆನಿಯ ಸ್ಪೆಸಿಯೋಸ. ಹಳೆಯ ಪುಸ್ತಕಗಳಲ್ಲಿ ಕಾಸ್ಟಸ್ ಸ್ಪೆಸಿಯೋಸಸ್. ಮನೆಗಳಲ್ಲಿ ಬೆಳೆಸುವ 'ಇನ್ಸುಲಿನ್ ಗಿಡ' ಇದರ ಹತ್ತಿರದ ಸಂಬಂಧಿ, ಆದರೆ ಅದು ಬ್ರೆಜಿಲ್ ಮೂಲದ್ದು. ಶುಂಠಿಯ ಎಲೆಗಳು ಎರಡು ಸಾಲಿನಲ್ಲಿದ್ದರೆ ಚಂಗಲಕೋಷ್ಠದವು ಕಾಂಡದ ಸುತ್ತ ಸುರುಳಿ ಮೆಟ್ಟಿಲಿನಂತೆ ಏರುತ್ತವೆ. ಹೀಗಾಗಿ ಮೇಲಿನ ಎಲೆ ತನ್ನ ಕೆಳಗಿನದನ್ನು ಪೂರ್ತಿ ಮರೆಮಾಡುವುದಿಲ್ಲ. ಮಳೆಗಾಲದಲ್ಲಿ ತುದಿಯ ಕೆಂಪು ತೆನೆಯಿಂದ ದಿನಕ್ಕೆ ಒಂದೆರಡರಂತೆ ಬಿಳಿ ಹೂಗಳು ಅರಳುತ್ತವೆ. ಹೂವಿನ ಅಗಲವಾದ ಬಿಳಿ ಭಾಗ ನಿಜವಾಗಿ ದಳವಲ್ಲ. ಮಾರ್ಪಟ್ಟ ಕೇಸರಗಳು ಕೂಡಿ ಆದದ್ದು.

ಬೆಳೆಸುವುದು ಸುಲಭ. ಮೇ ಕೊನೆಯಲ್ಲಿ, ಎರಡು ಮೂರು ಮೊಳಕೆಕಣ್ಣುಗಳಿರುವ ಗೆಡ್ಡೆಯ ತುಂಡನ್ನು ಸುಮಾರು 5 ಸೆಂಟಿಮೀಟರ್ ಆಳದಲ್ಲಿ ನೆಡಿ. ಮಣ್ಣಿಗೆ ಎಲೆಗೊಬ್ಬರ ಸೇರಿಸಿ. ತೇವವಿರಲಿ, ನೀರು ನಿಲ್ಲದಿರಲಿ. ಪೂರ್ಣ ಕತ್ತಲೆಯ ಮೂಲೆ ಬೇಡ, ಅಲ್ಲಿ ಹೂ ಕಡಿಮೆ. ಎಲೆಗಳ ಸಂದಿನಿಂದ ಬಿಸಿಲಿನ ದುಂಡು ಮಚ್ಚೆಗಳು ಬೀಳುವ ಜಾಗ ಉತ್ತಮ. ಈ ಮಚ್ಚೆಗಳು ಸೂರ್ಯನ ಬಿಂಬಗಳೇ ಎಂಬುದನ್ನು ವಿದ್ಯಾರ್ಥಿಗಳಿಗೆ ತೋರಿಸಬಹುದು. ಸಂದು ಬಹಳ ಚಿಕ್ಕದಿದ್ದರೆ, ಬಿಂಬಕ್ಕೂ ಸಂದಿಗೂ ಇರುವ ದೂರ, ಕಿರಣಕ್ಕೆ ಅಡ್ಡವಾಗಿ ಹಿಡಿದ ಕಾಗದದ ಮೇಲಿನ ಬಿಂಬದ ವ್ಯಾಸಕ್ಕಿಂತ ಸುಮಾರು 108 ಪಟ್ಟು.

ಗೆಡ್ಡೆಯನ್ನು ಕಾಡಿನಿಂದ ಕಿತ್ತು ತರಬೇಡಿ. ಔಷಧಿಗಾಗಿ ಅಗೆಯುವವರು ಈಗಾಗಲೇ ಇದ್ದಾರೆ. ಬೆಳೆಸಿದವರಲ್ಲಿ ಒಂದು ತುಂಡು ಕೇಳಿದರೆ ಸಾಕು. ಕೆಲವೇ ವರ್ಷಗಳಲ್ಲಿ ನೀವೂ ಹಂಚಬಲ್ಲಿರಿ.

ಬೇಸಿಗೆಯಲ್ಲಿ ಕಾಂಡಗಳು ಒಣಗುತ್ತವೆ. ಸತ್ತಿತೆಂದು ಗುಡಿಸಿ ಅಗೆಯದಿರಿ. ಗೆಡ್ಡೆ ನೆಲದೊಳಗೆ ಜೀವಂತವಾಗಿದ್ದು, ಮುಂಗಾರಿನೊಂದಿಗೆ ಮತ್ತೆ ಚಿಗುರುತ್ತದೆ.