ಮನೆಯ ತೊಟ್ಟಿಯಲ್ಲಿ ಲೋಚ್ ಮೀನು

ವಾಶಿಯ ಕನ್ನಡ ಮನೆಗಳಲ್ಲಿ ಮೀನಿನ ಮಾತು ಬಂದರೆ ಎರಡು ಪಕ್ಷಗಳಾಗುವುದುಂಟು. ಕರಾವಳಿಯವರಾದ ನಮ್ಮ ಬಂಧುಗಳಿಗೆ ಮೀನೆಂದರೆ ಬಂಗುಡೆ, ಬೂತಾಯಿ, ಕಾಣೆ. ಅದರ ಸ್ಥಾನ ಅಡಿಗೆಮನೆ. ಘಟ್ಟದ ಮೇಲಿನ ಹಲವರಿಗೆ ಮೀನೆಂದರೆ ಶೃಂಗೇರಿಯ ತುಂಗಾತೀರ. ಮಂಡಕ್ಕಿ ಎರಚಿ, ಮಕ್ಕಳಿಗೆ ತೋರಿಸಿ, ಕೈಮುಗಿದು ಬರುವ ದೇವರ ಮೀನು. ಈಗ ಈ ಎರಡು ಪಕ್ಷದವರ ಮನೆಗಳಿಗೂ ಗಾಜಿನ ತೊಟ್ಟಿ ಬಂದಿದೆ. 1951ರಲ್ಲಿ ತೆರೆದ ತಾರಾಪೋರೆವಾಲಾ ಮತ್ಸ್ಯಾಲಯಕ್ಕೆ ಊರಿನಿಂದ ಬಂದ ನೆಂಟರನ್ನು ಕರೆದೊಯ್ದು ಬಣ್ಣದ ಮೀನು ತೋರಿಸುತ್ತಿದ್ದ ಕಾಲ ಒಂದಿತ್ತು. ಇಂದು ಅಂಥ ಮೀನು ಮನೆಯ ಮೂಲೆಯಲ್ಲೇ ಈಜುತ್ತಿದೆ. ಅದನ್ನು ಸುಖವಾಗಿ ಸಾಕುವುದು ಹೇಗೆಂಬುದೇ ಈ ಲೇಖನದ ವಿಷಯ. ಅದರಲ್ಲೂ ತೊಟ್ಟಿಯ ತಳದಲ್ಲಿ ಓಡಾಡುವ ಲೋಚ್ ಮೀನಿನ ಬಗ್ಗೆ ನಾಲ್ಕು ಮಾತು ಹೇಳುವುದು ಅಗತ್ಯವೆಂದು ನಮಗೆ ತೋರಿತು. ಅದಕ್ಕೊಂದು ವಿಶೇಷ ಕಾರಣವೂ ಉಂಟು.

ನಮ್ಮ ನದಿಯ ಮೀನು

ಅಂಗಡಿಯವರು ಝೀಬ್ರಾ ಲೋಚ್ ಎಂದು ಮಾರುವ ಮೀನೊಂದಿದೆ. ಬೆರಳುದ್ದದ ಮೈ, ಅದರ ಮೇಲೆ ತಲೆಯಿಂದ ಬಾಲದವರೆಗೆ ಕಪ್ಪು, ಹಳದಿ ಪಟ್ಟೆಗಳು, ಬಾಯಿಯ ಸುತ್ತ ಸಣ್ಣ ಮೀಸೆಗಳು. ಇದೆಲ್ಲೋ ದೂರದೇಶದ್ದೆಂದು ಕೊಳ್ಳುವವರು ತಿಳಿಯುತ್ತಾರೆ. ಆದರೆ ಇದು ಸಹ್ಯಾದ್ರಿಯ ಹೊಳೆಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಹುಟ್ಟದ ಮೀನು. ಕರ್ನಾಟಕದ ತುಂಗೆಯಲ್ಲಿಯೂ ಮಹಾರಾಷ್ಟ್ರದ ಕೃಷ್ಣೆಯ ಮೇಲ್ಕಣಿವೆಯ ಹೊಳೆಗಳಲ್ಲಿಯೂ ಇದರ ವಾಸ. ನಾವು ಬಿಟ್ಟುಬಂದ ನಾಡು, ಬಂದು ನೆಲೆಸಿದ ನಾಡು ಎರಡಕ್ಕೂ ಸೇರಿದ ಜೀವಿಯಿದು.

ಇದಕ್ಕೆ ಶಾಸ್ತ್ರೀಯ ಹೆಸರಿಟ್ಟವರೂ ಕನ್ನಡ ನಾಡಿನಲ್ಲೇ ಕೆಲಸ ಮಾಡಿದವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣ ರಾವ್ ಅವರು ಶಿವಮೊಗ್ಗೆ ಸೀಮೆಯ ತುಂಗಾನದಿಯ ಮೀನುಗಳನ್ನು ಪರೀಕ್ಷಿಸಿ, 1920ರಲ್ಲಿ ಇದನ್ನು ಬೋಟಿಯಾ ಸ್ಟ್ರಯೇಟಾ ಎಂದು ಕರೆದರು. ಪಟ್ಟೆಯುಳ್ಳದ್ದು ಎಂಬುದೇ ಆ ಲ್ಯಾಟಿನ್ ಹೆಸರಿನ ಅರ್ಥ. 1932ರಲ್ಲಿ ಆರಂಭವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಕಪ್ಪೆಗಳ ವಿಷಯದಲ್ಲಿ ಅವರು ಮಾಡಿದ ಕೆಲಸವನ್ನು ನೆನೆದು, 2010ರಲ್ಲಿ ಪೊದೆಗಪ್ಪೆಗಳ ಒಂದು ಕುಲಕ್ಕೆ ರಾವೋರ್ಕೆಸ್ಟಿಸ್ ಎಂದು ಅವರ ಹೆಸರನ್ನೇ ಇಟ್ಟರು.

ಹೆಸರಿಟ್ಟು ನೂರು ವರ್ಷ ಕಳೆಯುವಷ್ಟರಲ್ಲಿ ಈ ಮೀನಿಗೆ ಸಂಕಟ ಬಂದಿದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇದು ಅಳಿವಿನ ಅಪಾಯಕ್ಕೊಳಗಾದ ಮೀನು. ಹೊಳೆಯ ತಳದ ಕಲ್ಲು ಮರಳೇ ಇದರ ಮನೆ. ಮರಳು ತೆಗೆಯುತ್ತ ಬಂದಂತೆ, ನೀರು ಕೆಡುತ್ತ ಬಂದಂತೆ ಆ ಮನೆ ಹಾಳಾಗುತ್ತದೆ. ಅದರ ಮೇಲೆ ಬಣ್ಣದ ಮೀನಿನ ವ್ಯಾಪಾರಕ್ಕಾಗಿ ಹಿಡಿಯುವುದು ಬೇರೆ. ಈ ಜಾತಿಯ ಮೀನು ಮನೆಯ ತೊಟ್ಟಿಯಲ್ಲಿ ಮರಿಮಾಡುವುದು ಬಹಳ ಅಪರೂಪ. ನಮ್ಮ ತೊಟ್ಟಿಯಲ್ಲಿ ಒಂದು ಸತ್ತು ಅದರ ಬದಲಿಗೆ ಇನ್ನೊಂದನ್ನು ತಂದರೆ, ಹೊಳೆಯಿಂದ ಮತ್ತೊಂದು ಹೋಯಿತೆಂದೇ ಎಷ್ಟೋ ಸಲ ಅರ್ಥ. ಚೆನ್ನಾಗಿ ಸಾಕುವುದು ಇಲ್ಲಿ ಬರಿಯ ಹವ್ಯಾಸದ ಮಾತಲ್ಲ.

ಯಾವುದನ್ನು ತರಬೇಕು?

ಕುರ್ಲಾದ ಮೀನಿನ ಅಂಗಡಿಗೆ ಹೋಗುವ ಮೊದಲೇ ಇದನ್ನು ನಿಶ್ಚಯಿಸಿರಿ. ಕಿತ್ತಳೆ ಮೈಯ ಮೇಲೆ ಮೂರು ಕಪ್ಪು ಪಟ್ಟಿಯ ಕ್ಲೌನ್ ಲೋಚ್ ಮಕ್ಕಳ ಕಣ್ಣಿಗೆ ಮೊದಲು ಬೀಳುತ್ತದೆ. ಅಂಗಡಿಯಲ್ಲಿ ಅದು ಎರಡಂಗುಲ. ಆದರೆ ಸುಮಾತ್ರಾ, ಬೋರ್ನಿಯೋ ದ್ವೀಪಗಳ ಆ ಮೀನು ಬೆಳೆದರೆ 20ರಿಂದ 30 ಸೆಂಟಿಮೀಟರ್ ಆಗುತ್ತದೆ. 20 ವರ್ಷಕ್ಕೂ ಮೇಲೆ ಬದುಕಬಲ್ಲುದು. ಐದಾರು ಅಡಿಯ ತೊಟ್ಟಿಗೆ ಸ್ಥಳವಿಲ್ಲದವರು ಅದರ ಆಸೆಯನ್ನು ಬಿಡುವುದೇ ಲೇಸು. ಗಂಗಾನದಿಯ ಸೀಮೆಯ ಯೋಯೋ ಲೋಚ್ ಅದಕ್ಕಿಂತ ಚಿಕ್ಕದಾದರೂ ಅದಕ್ಕೂ ಮೂರಡಿಗೆ ಕಡಮೆಯಿಲ್ಲದ ತೊಟ್ಟಿ ಬೇಕು. ಎರಡಡಿಯ ತೊಟ್ಟಿಯವರಿಗೆ ಹಾವಿನಂತೆ ಸಪೂರವಾದ ಕೂಲಿ ಲೋಚ್ ತಕ್ಕುದು. ಅದು ಮೃದುವಾದ ಮರಳಿದ್ದರೆ ಅದರಲ್ಲೇ ಹುದುಗಿಕೊಂಡು ಸುಖವಾಗಿರುತ್ತದೆ.

ಝೀಬ್ರಾ ಲೋಚನ್ನು ಕೊಳ್ಳುವುದಾದರೆ, ಸಾಕಣೆ ಕೇಂದ್ರದಲ್ಲಿ ಮರಿಮಾಡಿಸಿದ್ದೋ ಹೊಳೆಯಲ್ಲಿ ಹಿಡಿದದ್ದೋ ಎಂದು ಕೇಳಿರಿ. ಉತ್ತರ ಸ್ಪಷ್ಟವಾಗಿಲ್ಲದಿದ್ದರೆ ಬೇರೊಂದನ್ನು ಆರಿಸಿರಿ. ಯಾವ ಲೋಚನ್ನೂ ಒಂಟಿಯಾಗಿ ಮಾತ್ರ ತರಕೂಡದು. ಇವು ಗುಂಪಿನ ಮೀನುಗಳು. ಐದಾರು ಇದ್ದರೆ ಆಟ, ಒಂದೇ ಇದ್ದರೆ ಕಲ್ಲಿನ ಸಂದಿಯಲ್ಲಿ ವನವಾಸ. ಹೊಟ್ಟೆ ಬೆನ್ನಿಗೆ ಹತ್ತಿದ ಮೀನನ್ನು ಕನಿಕರದಿಂದಲೂ ಕೊಳ್ಳಬೇಡಿರಿ. ಅದರ ಕರುಳಿನಲ್ಲಿ ಹುಳುವಿರುವ ಸಂಭವ ಹೆಚ್ಚು.

ತೊಟ್ಟಿ ಮತ್ತು ನೀರು

ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ತುಂಬಿದರೆ ಸುಮಾರು 190 ಲೀಟರ್ ನೀರು. ಮರಳು, ಕಲ್ಲು, ಗಾಜಿನ ಭಾರ ಸೇರಿದರೆ 200 ಕಿಲೋಗ್ರಾಂ ಮೀರುತ್ತದೆ. ಇದನ್ನು ಟೀಪಾಯಿಯ ಮೇಲೆ ಇಡುವಂತಿಲ್ಲ. ಗಟ್ಟಿಯಾದ ಪೀಠ ಮಾಡಿಸಿ, ಗೋಡೆಗೆ ಒತ್ತಿ, ಬಿಸಿಲು ಬೀಳದ ಕಡೆ ಇಡಿರಿ. ತಳಕ್ಕೆ ಚೂಪಿಲ್ಲದ ಸಣ್ಣ ಮರಳನ್ನೇ ಹಾಕಿರಿ. ಲೋಚ್ ತನ್ನ ಮೀಸೆಗಳಿಂದ ತಳವನ್ನು ಕೆದಕಿ ತಿನ್ನುವ ಮೀನು. ಹರಿತವಾದ ಜಲ್ಲಿಯಿಂದ ಮೀಸೆ ಗಾಯವಾಗುತ್ತದೆ. ನಯವಾದ ಗುಂಡುಕಲ್ಲು, ಮರದ ಬೇರು, ತೆಂಗಿನ ಚಿಪ್ಪು ಇಟ್ಟು ಅಡಗುವ ಸ್ಥಳಗಳನ್ನು ಮಾಡಿರಿ. ಮೀನಿಗೊಂದರಂತೆ ಇದ್ದರೆ ಒಳ್ಳೆಯದು. ಮುಚ್ಚಳ ತಪ್ಪಬಾರದು. ರಾತ್ರಿ ಹಾರಿ ನೆಲಕ್ಕೆ ಬೀಳುವ ಚಾಳಿ ಈ ಮೀನಿಗುಂಟು.

ನಳದ ನೀರು ನಮಗೆ ಶುದ್ಧ, ಮೀನಿಗೆ ಅಲ್ಲ. ಅದರ ಕ್ಲೋರಿನ್ ಮೀನಿನ ಕಿವಿರುಗಳನ್ನು ಸುಡುತ್ತದೆ. ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕವನ್ನು ಹೇಳಿದ ಪ್ರಮಾಣದಲ್ಲಿ ಬೆರೆಸಿಯೇ ನೀರು ಹಾಕಬೇಕು. ಇನ್ನೊಂದು ಸಂಗತಿಯನ್ನು ಅಂಗಡಿಯವರು ಹೇಳುವುದು ಕಡಮೆ. ಮೀನಿನ ಮಲದಿಂದ, ಕೊಳೆತ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಶೋಧಕದ ಸ್ಪಂಜಿನಲ್ಲಿ ನೆಲೆಸುವ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿ, ಮತ್ತೆ ಅಷ್ಟೊಂದು ಕೇಡಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಇವು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಶನಿವಾರ ತೊಟ್ಟಿ ತಂದು ಭಾನುವಾರ ಲೋಚ್ ಬಿಟ್ಟರೆ ಅದು ಬದುಕುವುದು ಕಷ್ಟ. ತೊಟ್ಟಿ ನೆಲೆಗೊಂಡ ಮೇಲೂ ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಾಯಿಸಿರಿ; ಎಲ್ಲ ನೀರನ್ನೂ ಚೆಲ್ಲಿ ತಿಕ್ಕಿ ತೊಳೆಯುವುದು ಸಲ್ಲದು. ಸ್ಪಂಜನ್ನು ನಳದ ಕೆಳಗೆ ಹಿಡಿಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿರಿ.

ಝೀಬ್ರಾ ಲೋಚ್ ಮಲೆನಾಡಿನ ಹರಿಯುವ ನೀರಿನದು. 23ರಿಂದ 26 ಡಿಗ್ರಿ ಶಾಖ ಅದಕ್ಕೆ ಹಿತ. ವಾಶಿಯ ವೈಶಾಖದಲ್ಲಿ ತೊಟ್ಟಿಯ ನೀರು ಅದನ್ನು ಸುಲಭವಾಗಿ ದಾಟುತ್ತದೆ. ಆಗ ಮುಚ್ಚಳದ ಬದಲು ಬಲೆ ಹೊದಿಸಿ, ನೀರಿನ ಮೇಲೆ ಬೀಸುವಂತೆ ಸಣ್ಣ ಫ್ಯಾನ್ ಇಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಬಿಸಿನೀರಿನಲ್ಲಿ ಆಮ್ಲಜನಕ ಕಡಮೆಯಾದ್ದರಿಂದ ಗಾಳಿಯ ಪಂಪು ನಿಲ್ಲಬಾರದು. ಮಳೆಗಾಲದಲ್ಲಿ ವಿದ್ಯುತ್ತು ಹೋದಾಗಿಗೆಂದು ಬ್ಯಾಟರಿಯ ಪಂಪೊಂದು ಮನೆಯಲ್ಲಿರಲಿ.

ಸೊಳ್ಳೆಯ ಔಷಧಿಯ ಬಗ್ಗೆ ವಿಶೇಷ ಎಚ್ಚರಿಕೆ ಬೇಕು. ಸೊಳ್ಳೆಬತ್ತಿ, ಸ್ಪ್ರೇಗಳಲ್ಲಿರುವ ಪೈರೆಥ್ರಾಯಿಡ್ ಎಂಬ ವಸ್ತು ಮೀನುಗಳಿಗೆ ಕಡುವಿಷ. ಗಾಳಿಯ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬಿಡುತ್ತದೆಂಬುದನ್ನು ಮರೆಯದಿರಿ. ಬೀದಿಯಲ್ಲಿ ಹೊಗೆಯಂತ್ರ ಬಂದಾಗ ಕಿಟಕಿ ಮುಚ್ಚಿ, ಪಂಪನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ತೊಟ್ಟಿಗೆ ಬಟ್ಟೆ ಹೊದಿಸಿರಿ. ಫಿನಾಯಿಲ್, ಸಾಬೂನು ಮುಟ್ಟಿದ ಕೈಯನ್ನು ನೀರಿನಲ್ಲಿ ಅದ್ದಕೂಡದು.

ಊಟ, ಆಟ, ರೋಗ

ಶೃಂಗೇರಿಯಲ್ಲಿ ಎರಚಿದ ಮಂಡಕ್ಕಿಯನ್ನು ಹರಿಯುವ ಹೊಳೆ ಒಯ್ಯುತ್ತದೆ. ತೊಟ್ಟಿಯಲ್ಲಿ ಎರಚಿದ್ದು ಅಲ್ಲೇ ಕೊಳೆಯುತ್ತದೆ. ಅನ್ನ, ಚಪಾತಿ, ಬ್ರೆಡ್ಡಿನ ಚೂರು ಹಾಕುವ ಅಭ್ಯಾಸ ಬೇಡ. ತಳಕ್ಕೆ ಮುಳುಗುವ ಗುಳಿಗೆಗಳೇ ಮುಖ್ಯ ಆಹಾರ. ವಾರಕ್ಕೆರಡು ಸಲ ಶೀತಲೀಕರಿಸಿದ ರಕ್ತಹುಳು, ಒಮ್ಮೆ ಬಿಸಿನೀರಿನಲ್ಲಿ ಬಾಡಿಸಿದ ಸೌತೆಕಾಯಿಯ ಹೋಳು. ಲೋಚ್ ಸಂಜೆಯ ಮೇಲೆ ಚುರುಕಾಗುವ ಮೀನು; ತೊಟ್ಟಿಯ ದೀಪವಾರಿಸಿದ ಮೇಲೆ ಆಹಾರ ಹಾಕಿರಿ. ಕೆಲವೇ ನಿಮಿಷಗಳಲ್ಲಿ ಮುಗಿಯುವಷ್ಟಿದ್ದರೆ ಸಾಕು. ತೊಟ್ಟಿಯಲ್ಲಿ ಬಸವನಹುಳು ಹೆಚ್ಚಿದ್ದರೆ ಬೋಟಿಯಾ ಜಾತಿಯವು ಅದನ್ನೂ ತಿಂದು ಉಪಕಾರ ಮಾಡುತ್ತವೆ.

ಬೇಸಿಗೆ ರಜೆಯಲ್ಲಿ ಊರಿಗೆ ಹೋಗುವಾಗ ಮೀನಿನ ಗತಿಯೇನೆಂದು ಹಲವರು ಕೇಳುತ್ತಾರೆ. ಆರೋಗ್ಯವಾದ ದೊಡ್ಡ ಮೀನು ನಾಲ್ಕೈದು ದಿನ ಊಟವಿಲ್ಲದೆ ಇರಬಲ್ಲುದು. ಹೆಚ್ಚು ದಿನಗಳಾದರೆ ದಿನಕ್ಕೊಂದರಂತೆ ಆಹಾರದ ಪೊಟ್ಟಣ ಕಟ್ಟಿ, ತಾರೀಖು ಬರೆದು, ನೆರೆಮನೆಯವರ ಕೈಗೆ ಕೊಡಿರಿ. ಡಬ್ಬಿಯನ್ನೇ ಕೊಟ್ಟರೆ, ಪ್ರೀತಿಯಿಂದಲೇ ಹೆಚ್ಚು ಹಾಕಿ ನೀರು ಕೆಡಿಸುವ ಭಯವಿದೆ.

ಲೋಚ್ ಒಮ್ಮೊಮ್ಮೆ ಪಕ್ಕಕ್ಕೆ ಒರಗಿ ಸತ್ತಂತೆ ಮಲಗುತ್ತದೆ. ಗಾಬರಿ ಬೇಡ, ಅದು ಅದರ ವಿಶ್ರಾಂತಿ. ಟಿಕ್ ಟಿಕ್ ಎಂದು ಸದ್ದು ಮಾಡುವುದೂ ಸಹಜವೇ. ಹಿಡಿಯಬೇಕಾದಾಗ ಬಲೆಯ ಬದಲು ಡಬ್ಬಿಯನ್ನು ಉಪಯೋಗಿಸಿರಿ. ಕಣ್ಣಿನ ಕೆಳಗೆ ಇದಕ್ಕೊಂದು ಮುಳ್ಳಿದೆ. ಅದು ಬಲೆಗೆ ಸಿಕ್ಕಿಕೊಂಡರೆ ಮೀನಿಗೆ ಗಾಯವಾಗುತ್ತದೆ.

ಮೈಮೇಲೆ ರವೆಯಂಥ ಬಿಳಿ ಚುಕ್ಕೆಗಳು ಕಂಡರೆ ಅದು ಬಿಳಿ ಚುಕ್ಕೆ ರೋಗ. ಇದನ್ನು ತರುವ ಪರೋಪಜೀವಿ ಮೈಬಿಟ್ಟು ತಳಕ್ಕೆ ಇಳಿದು, ಅಲ್ಲಿ ನೂರಾರಾಗಿ, ಮತ್ತೆ ಈಜಿ ಬರುತ್ತದೆ. ಔಷಧಿ ನಾಟುವುದು ಅದು ಈಜುತ್ತಿರುವಾಗ ಮಾತ್ರ. ಆದುದರಿಂದ ಚುಕ್ಕೆ ಮಾಯವಾದೊಡನೆ ಚಿಕಿತ್ಸೆ ನಿಲ್ಲಿಸಬಾರದು. ಲೋಚಿನ ಹುರುಪೆಗಳು ಅತಿ ಸಣ್ಣವು. ಔಷಧಿ ಅದಕ್ಕೆ ಬೇಗ ತಾಕುತ್ತದೆ. ತಾಮ್ರ ಬೆರೆತ ಔಷಧಿಗಳನ್ನು ದೂರವಿಟ್ಟು, ಉಳಿದವುಗಳನ್ನು ಬಲ್ಲವರನ್ನು ಕೇಳಿ ಕಡಮೆ ಪ್ರಮಾಣದಿಂದ ಆರಂಭಿಸಿರಿ. ಹೊಸ ಮೀನನ್ನು ಮೂರು ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡುವುದು ಎಲ್ಲ ಔಷಧಿಗಿಂತ ಮೇಲು.

ಹೊಳೆಗೆ ಬಿಡಬಹುದೇ?

ಮನೆ ಬದಲಾಯಿಸುವಾಗ, ಮಕ್ಕಳ ಆಸಕ್ತಿ ತೀರಿದಾಗ, ಮೀನನ್ನು ನೀರಿಗೆ ಬಿಟ್ಟು ಪುಣ್ಯ ಕಟ್ಟಿಕೊಳ್ಳೋಣವೆಂದು ಕೆಲವರಿಗೆ ತೋರುತ್ತದೆ. ವಾಶಿಯ ಖಾರಿಯ ಉಪ್ಪುನೀರಿಗೆ ಬಿಟ್ಟ ಲೋಚ್ ಸಾಯುತ್ತದೆ. ಕೆರೆಗೆ ಬಿಟ್ಟ ಪರದೇಶದ ಮೀನು ಬದುಕಿದರೆ ಅಲ್ಲಿಯ ಮೀನುಗಳಿಗೆ ಕಂಟಕ. ತೊಟ್ಟಿಗಳಿಂದ ಹೊರಬಿದ್ದ ಸಕರ್ ಮೀನು ಇಂದು ನಮ್ಮ ದೇಶದ ಎಷ್ಟೋ ಕೆರೆಹೊಳೆಗಳನ್ನು ಹೊಕ್ಕಿದೆ. ತುಂಗೆಯದನ್ನು ತುಂಗೆಗೇ ಬಿಟ್ಟರೂ ಅಂಗಡಿಯ ರೋಗ ಹೊಳೆಗೆ ಹೋಗುತ್ತದೆ. ಸಾಕಲಾರದವರು ಸಾಕಬಲ್ಲ ಇನ್ನೊಂದು ಮನೆಗೆ ಕೊಡುವುದೇ ಸರಿಯಾದ ದಾರಿ. ನಮ್ಮ ಸಂಘದ ಕುಟುಂಬಗಳಲ್ಲಿ ವಿಚಾರಿಸಿದರೆ ಅಂಥ ಮನೆ ಸಿಕ್ಕದಿರಲಾರದು.

ಗಂಗಾಸ್ನಾನ ತುಂಗಾಪಾನ ಎಂದು ನಮ್ಮ ಹಿರಿಯರು ಹೇಳುತ್ತ ಬಂದರು. ಆ ನೀರು ಎಷ್ಟು ಚೆನ್ನಾಗಿದೆ ಎಂಬುದನ್ನು ತಳದ ಕಲ್ಲುಸಂದಿಯ ಈ ಸಣ್ಣ ಮೀನು ನಮಗಿಂತ ಮೊದಲೇ ಅರಿಯುತ್ತದೆ. ಮುಂದಿನ ಸಲ ತೀರ್ಥಹಳ್ಳಿಯ ಕಡೆ ಹೋದಾಗ ಮಕ್ಕಳನ್ನು ಹೊಳೆಯ ದಂಡೆಗೆ ಕರೆದೊಯ್ಯಿರಿ. ತಮ್ಮ ತೊಟ್ಟಿಯಲ್ಲಿ ಇಂಥ ಮೀನನ್ನು ನೋಡಿದ ಮಕ್ಕಳಿಗೆ ಆ ಹೊಳೆಯ ಮರಳು, ಕಲ್ಲು, ನೀರು ಯಾರಿಗೆ ಬೇಕೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.