ಅವ್ವನ ಹಳೇ ಟಿ.ಸಿ.ಗೂ ಮಗಳ ಡಾಕ್ಟರ್ ಸೀಟಿಗೂ ನಂಟುಂಟು!

ಮಸಿನಗುಡಿ: ಹತ್ತನೇ ತರಗತಿ ರಿಸಲ್ಟ್ ಬಂತೆಂದರೆ ನೀಲಗಿರಿಯ ಕನ್ನಡ ಮನೆಗಳಲ್ಲಿ ಒಂದೇ ಪ್ರಶ್ನೆ. ಮಗಳು ಡಾಕ್ಟರ್ ಆಗ್ತೀನಿ ಅಂತಾಳೆ. ಪ್ಲಸ್ ಒನ್‌ಗೆ ಇಲ್ಲೇ ಸೇರಿಸೋದಾ, ಇಲ್ಲಾ ಗುಂಡ್ಲುಪೇಟೆ, ಮೈಸೂರು ಕಡೆ ಪಿಯುಸಿಗೆ ಕಳಿಸೋದಾ? ಸೋದರಮಾವನ ಮನೆ ಅಲ್ಲಿದೆ, ಊಟಕ್ಕೆ ಚಿಂತೆಯಿಲ್ಲ, ಕೋಚಿಂಗೂ ಸಿಗುತ್ತೆ ಎಂಬುದು ಪಾಲಕರ ಲೆಕ್ಕ. ಆದರೆ ಬಂಡೀಪುರ ದಾಟುವ ಮುನ್ನ ಹಾಕಬೇಕಾದ ಇನ್ನೊಂದು ಲೆಕ್ಕವಿದೆ. ಅದನ್ನು ಮರೆತರೆ ಎರಡು ವರ್ಷ ಕಷ್ಟಪಟ್ಟು ಓದಿದ ಮಗು ಇತ್ತ ತಮಿಳುನಾಡಿಗೂ ಇಲ್ಲ, ಅತ್ತ ಕರ್ನಾಟಕಕ್ಕೂ ಇಲ್ಲ ಎಂಬಂತಾಗುತ್ತದೆ.

ಎಂಬಿಬಿಎಸ್‌ಗೆ ದೇಶಕ್ಕೆಲ್ಲ ನೀಟ್ ಒಂದೇ ಬಾಗಿಲು. 180 ಪ್ರಶ್ನೆ, 720 ಅಂಕ. ಅದರಲ್ಲಿ ಅರ್ಧ ಪಾಲು ಜೀವಶಾಸ್ತ್ರದ್ದು. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ತಮಿಳುನಾಡಿನಲ್ಲಿ ನೀಟ್ ಹೋಗುತ್ತೆ ಅಂತ ಕಾದು ಕೂತವರು ಬಹಳ. ವಿಧಾನಸಭೆ 2021ರಲ್ಲಿ ಒಮ್ಮೆ, 2022ರಲ್ಲಿ ಮತ್ತೊಮ್ಮೆ ವಿನಾಯಿತಿ ಮಸೂದೆ ಪಾಸು ಮಾಡಿತು. ಅದಕ್ಕೆ ಕೇಂದ್ರದ ಒಪ್ಪಿಗೆ ಸಿಗಲಿಲ್ಲವೆಂದು 2025ರ ಏಪ್ರಿಲ್‌ನಲ್ಲಿ ಸದನದಲ್ಲೇ ತಿಳಿಸಲಾಯಿತು. ಹಾಗಾಗಿ ಓದುವುದೊಂದೇ ದಾರಿ.

ಏಳು ವರ್ಷದ ಲೆಕ್ಕ

ಸರ್ಕಾರಿ ಕಾಲೇಜಿನ ಎಂಬಿಬಿಎಸ್ ಸೀಟುಗಳಲ್ಲಿ ಶೇ 15 ಅಖಿಲ ಭಾರತ ಕೋಟಾ, ಉಳಿದ ಶೇ 85 ಆಯಾ ರಾಜ್ಯದವರಿಗೆ. 'ರಾಜ್ಯದವರು' ಯಾರು ಎಂಬುದರಲ್ಲೇ ಗಡಿ ಮಕ್ಕಳ ಗಂಟು ಬಿದ್ದಿರುವುದು. 6ರಿಂದ 12ನೇ ತರಗತಿವರೆಗೆ ತಮಿಳುನಾಡಿನಲ್ಲೇ ಓದಿದವರಿಗೆ ಅಲ್ಲಿ ನೇಟಿವಿಟಿ ಸರ್ಟಿಫಿಕೇಟಿನ ಗೋಜಿಲ್ಲ. ನಡುವೆ ಹೊರಗೆ ಹೋದವರು ಅದನ್ನು ಮಾಡಿಸಬೇಕು.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. 2020ರ ಕಾನೂನಿನಂತೆ ಸರ್ಕಾರಿ ಶಾಲೆಯ ಮಕ್ಕಳಿಗೆ ಶೇ 7.5 ಒಳಮೀಸಲಾತಿ ಇದೆ. ಈ ಕೋಟಾದಲ್ಲಿ ಸೀಟು ಸಿಕ್ಕವರ ಫೀಸನ್ನೂ ಸರ್ಕಾರವೇ ಭರಿಸುತ್ತದೆ. ಆದಿವಾಸಿ ಕಲ್ಯಾಣ ಶಾಲೆಗಳೂ ಇದರಲ್ಲಿ ಸೇರುತ್ತವೆ, ಅನುದಾನಿತ ಶಾಲೆಗಳು ಸೇರುವುದಿಲ್ಲ. ಆರನೇ ಕ್ಲಾಸಿನಿಂದ ಸರ್ಕಾರಿ ಶಾಲೆಯಲ್ಲೇ ಓದಿದ ಹುಡುಗ ಪಿಯುಸಿಗೆ ಗಡಿ ದಾಟಿದರೆ ಈ ಸವಲತ್ತು ಕೈತಪ್ಪಿತೆಂದೇ ಅರ್ಥ. ಕೋಚಿಂಗಿನ ಆಸೆಗೆ ಇದನ್ನು ಬಿಡುವುದು ಲಾಭವೋ ನಷ್ಟವೋ, ಮನೆಯಲ್ಲಿ ಕೂತು ಯೋಚಿಸಬೇಕಾದ ಮಾತು.

ಅವ್ವ ಓದಿದ ಶಾಲೆ

ಕರ್ನಾಟಕದ ಸೀಟಿಗೆ ಪಿಯುಸಿ ಎರಡು ವರ್ಷವಷ್ಟೇ ಸಾಲದು. ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿ ನಡುವೆ ಕನಿಷ್ಠ ಏಳು ವರ್ಷ ಅಲ್ಲಿ ಓದಿರಬೇಕು ಎಂಬುದು ಪರೀಕ್ಷಾ ಪ್ರಾಧಿಕಾರದ ಮುಖ್ಯ ನಿಯಮ. ಆದರೆ ಇನ್ನೊಂದು ದಾರಿಯೂ ಉಂಟು. ಮಗು ಪಿಯುಸಿಯ ಎರಡೂ ವರ್ಷ ಕರ್ನಾಟಕದಲ್ಲಿ ಓದಿ, ತಂದೆ ಅಥವಾ ತಾಯಿ ಅಲ್ಲಿ ಏಳು ವರ್ಷ ಓದಿದ್ದರೆ ಅರ್ಹತೆ ಸಿಗುತ್ತದೆ. ಗುಂಡ್ಲುಪೇಟೆ, ಚಾಮರಾಜನಗರ ಕಡೆಯಿಂದ ಈ ಘಟ್ಟಕ್ಕೆ ಸೊಸೆಯಾಗಿ ಬಂದ ತಾಯಂದಿರು ಎಷ್ಟಿಲ್ಲ! ಟ್ರಂಕಿನ ತಳದಲ್ಲಿರುವ ಅವ್ವನ ಹಳೇ ಟಿ.ಸಿ. ಆಗ ಬಂಗಾರಕ್ಕೆ ಸಮ. ಕಳೆದಿದ್ದರೆ ತವರಿಗೆ ಹೋದಾಗ ಆ ಶಾಲೆಯಲ್ಲಿ ವ್ಯಾಸಂಗ ಪ್ರಮಾಣಪತ್ರ ಕೇಳುವುದು ಒಳ್ಳೆಯದು.

'ಗಡಿನಾಡು ಕನ್ನಡಿಗ' ಎಂಬ ನಿಯಮ ನಮಗೂ ಬರುತ್ತೆ ಎಂದು ಅನೇಕರು ನಂಬಿದ್ದಾರೆ. ಆ ನಿಯಮದಲ್ಲಿ ಹೆಸರಿಸಿರುವುದು ಮಹಾರಾಷ್ಟ್ರದ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ಮತ್ತು ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲ್ಲೂಕುಗಳು. ಗೂಡಲೂರು, ಊಟಿ ಅದರಲ್ಲಿಲ್ಲ. ಎರಡೂ ರಾಜ್ಯಗಳಲ್ಲಿ 'ನಾವು ಇಲ್ಲಿಯವರೇ' ಎಂದು ಬರೆದುಕೊಡುವ ಜಾಣತನವೂ ಬೇಡ, ಅರ್ಜಿಗೇ ಕುತ್ತು ಬಂದೀತು.

ಭಾಷೆಯ ವಿಷಯದಲ್ಲೂ ಎಚ್ಚರ ಬೇಕು. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಸಿಗುತ್ತದೆ ನಿಜ, ಆದರೆ ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ತಮಿಳುನಾಡಿನ ಕೇಂದ್ರದಲ್ಲಿ ಬರೆಯುವವರು ಇಂಗ್ಲಿಷನ್ನೋ ತಮಿಳನ್ನೋ ಅರ್ಜಿ ತುಂಬುವಾಗಲೇ ಆರಿಸಿಕೊಳ್ಳಬೇಕು.

ಊಟಿಯಲ್ಲೇ ಕಾಲೇಜು

ಊಟಿಯ ಸರ್ಕಾರಿ ವೈದ್ಯಕೀಯ ಕಾಲೇಜು 2022ರ ಜನವರಿ 12ರಂದು ಉದ್ಘಾಟನೆಯಾಯಿತು. ಅಲ್ಲಿ 150 ಎಂಬಿಬಿಎಸ್ ಸೀಟುಗಳಿವೆ. 700 ಹಾಸಿಗೆಯ ಆಸ್ಪತ್ರೆ 2025ರ ಏಪ್ರಿಲ್ 6ರಂದು ಆರಂಭವಾಯಿತು. ಆದರೆ ಜಿಲ್ಲೆಯವರಿಗೆ ಅಂತ ಬೇರೆ ಕೋಟಾ ಇಲ್ಲ, ರಾಜ್ಯದ ಪಟ್ಟಿಯಲ್ಲೇ ಪೈಪೋಟಿ ಮಾಡಬೇಕು.

ನೀಟಿನಲ್ಲಿ ಅಂಕ ಬರಲಿಲ್ಲವೆಂದು ಮಗುವನ್ನು ಬೈದು ಫಲವಿಲ್ಲ. ಬಿಎಸ್ಸಿ ಓದುತ್ತಲೇ ಮತ್ತೆ ಬರೆಯಬಹುದು, ಗರಿಷ್ಠ ವಯಸ್ಸಿನ ಮಿತಿಯನ್ನು 2022ರಲ್ಲೇ ತೆಗೆಯಲಾಗಿದೆ. ತಮಿಳುನಾಡಿನಲ್ಲಿ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್‌ಗೆ ಪ್ಲಸ್ ಟು ಅಂಕಗಳೇ ಆಧಾರ. ಪಶುವೈದ್ಯ ಪದವಿಯ ರಾಜ್ಯ ಕೋಟಾ ಸೀಟುಗಳಿಗೂ ಹಾಗೆಯೇ. ಬಿ.ಫಾರ್ಮಾಗೆ ನೀಟ್ ಬೇಕಿಲ್ಲ. ಮೈಸೂರಿನ ಜೆಎಸ್ಎಸ್ ಸಂಸ್ಥೆಯ ಫಾರ್ಮಸಿ ಕಾಲೇಜು 1980ರಿಂದ ಊಟಿಯಲ್ಲೇ ಇದೆ. ಮನೆ ಬಾಗಿಲಿನ ಈ ಕಾಲೇಜನ್ನು ಬಿಟ್ಟು ದೂರ ಹುಡುಕುವವರೇ ಹೆಚ್ಚು.

ಈಗಲೇ ಮಾಡಬೇಕಾದ್ದು ಇಷ್ಟು: ಮಗುವಿನ ಆರನೇ ಕ್ಲಾಸಿನಿಂದ ಓದಿದ ದಾಖಲೆ, ಜಾತಿ ಸರ್ಟಿಫಿಕೇಟು, ತಂದೆ ತಾಯಿಯ ಶಾಲಾ ದಾಖಲೆ ಒಂದೇ ಫೈಲಿನಲ್ಲಿರಲಿ. ಎಲ್ಲದರಲ್ಲೂ ಹೆಸರು, ಇನಿಶಿಯಲ್ ಒಂದೇ ತೆರನಾಗಿರಲಿ. ಎಸ್‌ಟಿ ಸರ್ಟಿಫಿಕೇಟು ತಮಿಳುನಾಡಿನಲ್ಲಿ ಕೊಡುವುದು ಆರ್‌ಡಿಒ, ತಹಸೀಲ್ದಾರರಲ್ಲ. ಅದಕ್ಕೆ ಸಮಯ ಹಿಡಿಯುವುದರಿಂದ ರಿಸಲ್ಟಿಗೆ ಕಾಯಬೇಡಿ. ನಿಯಮಗಳು ವರ್ಷಕ್ಕೊಮ್ಮೆ ತಿದ್ದುಪಡಿಯಾಗುತ್ತವೆ. ಆಯಾ ವರ್ಷದ ಮಾಹಿತಿ ಪುಸ್ತಿಕೆ ಓದಿಯೇ ಮುಂದುವರಿಯಿರಿ. ಮಗು ಓದಿಕೊಳ್ಳಲಿ, ಕಾಗದಪತ್ರದ ಹೊಣೆ ಪಾಲಕರು ಹೊರಲಿ.